ಮೂಳೆ ಹೇಳದ ವಯಸ್ಸು

"ಮನುಷ್ಯನ ವಯಸ್ಸು ತಿಳೀಬೇಕಾದ್ರೆ ಅವನ ಬಾಯನ್ನ ಕೇಳಬಾರದು ಜಯಮ್ಮ, ಅವನ ಸೊಂಟಾನ ಕೇಳಬೇಕು" ಎಂದು ನಮ್ಮ ದೊಡ್ಡ ಡಾಕ್ಟರು ಹೇಳುತ್ತಿದ್ದರು. ನಾನು ಸರ್ಕಾರಿ ಆಸ್ಪತ್ರೆಯ ಎಕ್ಸ್-ರೇ ಕೋಣೆಗೆ ಸೇರಿದ ಮೊದಲ ವಾರದ ಮಾತದು. ತೂಬಗೆರೆಯಿಂದ ಬಂದ ಹುಡುಗಿ ನಾನು. ಸೊಂಟ ಅಂದದ್ದಕ್ಕೇ ನಾಚಿಕೊಂಡು ನೆಲ ನೋಡಿದ್ದೆ. ಅವರು ಗದರಿದರು. "ನಾಚ್ಕೊಳ್ಳೋದಾದ್ರೆ ಟೀಚರ್ ಕೆಲಸಕ್ಕೆ ಹೋಗು. ಇಲ್ಲಿ ಸೊಂಟ ಅಂದ್ರೆ ಮೂಳೆ."

ಮೊನ್ನೆ ನನ್ನ ತಂಗಿಯ ಮೊಮ್ಮಗಳು ಸ್ಫೂರ್ತಿ ಬಂದಿದ್ದಳು. ಅವಳೂ ಇದೇ ಕೋರ್ಸ್ ಮುಗಿಸಿ ಹೊಸಕೋಟೆ ಕಡೆಯ ಒಂದು ಆಸ್ಪತ್ರೆಗೆ ಸೇರಿದ್ದಾಳೆ. ಕುಡಿಯುವ ವಯಸ್ಸನ್ನು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಸಬೇಕೋ ಬೇಡವೋ ಎಂದು ಆಗಾಗ ಪೇಪರಿನಲ್ಲಿ ಬರುತ್ತದಲ್ಲ, ಅದನ್ನು ಓದುತ್ತಾ, "ಅಜ್ಜಿ, ನೀವೇನಂತೀರಾ?" ಎಂದು ಕೇಳಿದಳು. ನಾನು ತಕ್ಷಣ ಉತ್ತರ ಹೇಳಲಿಲ್ಲ. ಹೇಳಬೇಕಾದರೆ ನನ್ನ ಇಡೀ ನೌಕರಿಯನ್ನೇ ಹೇಳಬೇಕಾಗುತ್ತಿತ್ತು. ಅವಳು ಹೋದ ಮೇಲೆ ಕೂತು ಬರೆಯುತ್ತಿದ್ದೇನೆ. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲ ಎಲ್ಲ ಕಡೆಯೂ ನೀರು ಕುಡಿದವಳು ನಾನು. ಹೆಸರುಗಳನ್ನೂ ಬದಲಿಸಿದ್ದೇನೆ.

ಈಗಿನವರಿಗೆ ಎಕ್ಸ್-ರೇ ಎಂದರೆ ಗುಂಡಿ ಒತ್ತುವುದು, ಕಂಪ್ಯೂಟರಿನಲ್ಲಿ ಚಿತ್ರ ಬರುವುದು. ನಮ್ಮ ಕಾಲದಲ್ಲಿ ಅರ್ಧ ಕೆಲಸ ಡಾರ್ಕ್ ರೂಮಿನಲ್ಲಿ. ಕೆಂಪು ಬಲ್ಬಿನ ಬೆಳಕಿನಲ್ಲಿ ಫಿಲ್ಮನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಒಂದು ತೊಟ್ಟಿಯಲ್ಲಿ ಅದ್ದಿ, ತೊಳೆದು, ಇನ್ನೊಂದು ತೊಟ್ಟಿಯಲ್ಲಿ ಅದ್ದಿ, ಮತ್ತೆ ತೊಳೆದು, ಆಚೆ ತಂತಿಗೆ ಒಣಹಾಕಬೇಕು. ಗಡಿಯಾರ ಕಾಣುತ್ತಿರಲಿಲ್ಲವಾದ್ದರಿಂದ ನಾನು ಬಾಯಲ್ಲೇ ಎಣಿಸುತ್ತಿದ್ದೆ. ಫಿಲ್ಮ್ ಅದ್ದುವ ಆ ಹೈಪೋ ನೀರಿನ ಹುಳಿ ವಾಸನೆ ಸೀರೆಗೆ, ಕೂದಲಿಗೆ, ಕೊನೆಗೆ ಮನೆಯ ಸಾರಿಗೂ ಬಂತೆಂದು ನಮ್ಮ ಯಜಮಾನರು ಹೇಳುತ್ತಿದ್ದರು. ಈಗ ಆ ವಾಸನೆ ಎಲ್ಲಿಯೂ ಇಲ್ಲ. ಒಮ್ಮೊಮ್ಮೆ ಹುಣಸೆಹಣ್ಣು ನೆನೆಹಾಕಿದಾಗ ಮೂಗು ಅದನ್ನು ಹುಡುಕುತ್ತದೆ. ಹಾಳು ವಾಸನೆ, ಆದರೂ ನನಗೆ ಬೇಕು.

ತಂತಿಯ ಮೇಲೆ ಸಾಲಾಗಿ ಎದೆ, ಕೈ, ಮೊಣಕಾಲು ಒಣಗುತ್ತಿದ್ದವು. ಹೊರಗಿನ ರೋಗಿಗಳು ಬಂದು ನೋಡಿ ತಮ್ಮದು ಯಾವುದೆಂದು ಹುಡುಕುವರು. ಒಬ್ಬ ಅಜ್ಜಿ ಇನ್ಯಾರದೋ ಎದೆಯನ್ನು ತನ್ನದೆಂದು ಹಠ ಹಿಡಿದಿದ್ದಳು. "ನನ್ ಎದೆ ನಂಗೊತ್ತಾಗಲ್ವಾ ಮಗಾ?" ಎಂದು ಜಗಳಕ್ಕೇ ನಿಂತಳು. ಅವಳ ಫಿಲ್ಮನ್ನು ತೋರಿಸಿ, ಕಳಚಲು ಒಪ್ಪದ ತಾಳಿಯ ಗುಂಡು ಅದರಲ್ಲಿ ಬಿಳಿಯಾಗಿ ಬಂದದ್ದನ್ನು ಕಾಣಿಸಿದ ಮೇಲೆ ಸುಮ್ಮನಾದಳು.

ನಾನು ಮಾಡಿದ ತಪ್ಪುಗಳಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂದಿನದೆಲ್ಲ ಅದರಿಂದಲೇ ಅರ್ಥವಾಗುವುದು. ವಿಮಾನ ನಿಲ್ದಾಣಕ್ಕೆ ಜಮೀನು ಹೋಗಿ ಬೇಲಿ ಬಿದ್ದಿದ್ದ, ಆದರೆ ವಿಮಾನ ಇನ್ನೂ ಇಳಿಯದಿದ್ದ ದಿನಗಳು. ಬೇಲಿಯ ಆಚೆಗಿನ ಹಳ್ಳಿಯಿಂದ ರತ್ನಮ್ಮ ಎಂಬಾಕೆ ತನ್ನ ಹತ್ತು ವರ್ಷದ ಮಗ ಕುಮಾರನನ್ನು ಕರೆತಂದಳು. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತುಕೊಂಡು ಬದುವಿನಿಂದ ಬಿದ್ದಿದ್ದ. ಚೀಟಿಯಲ್ಲಿ ಎಡಗೈ ಎಂದಿತ್ತು. ಅವತ್ತು ಸಾಲು ಬಾಗಿಲಾಚೆಗೂ ಇತ್ತು. ಹುಡುಗ ನನ್ನೆದುರು ಕೂತಿದ್ದ, ನನ್ನ ಎಡಕ್ಕಿದ್ದ ಕೈ ಹಿಡಿದೆ. ಎದುರಿಗೆ ಕೂತವನ ಬಲಗೈ ಅದು. ಅವನು ಅಳುತ್ತಲೇ ಇದ್ದದ್ದರಿಂದ, ಹಿಡಿದ ಕೈಗೆ ನೋವಿಲ್ಲವೆಂಬುದೂ ನನಗೆ ತಿಳಿಯಲಿಲ್ಲ. ಡಾಕ್ಟರು ಫಿಲ್ಮ್ ನೋಡಿ ಮೂಳೆ ನೆಟ್ಟಗಿದೆ ಎಂದು ಬಟ್ಟೆ ಕಟ್ಟಿ ಕಳಿಸಿಬಿಟ್ಟರು. ಎರಡು ವಾರ ಕಳೆದು ಕೈ ಊದಿಕೊಂಡೇ ಇದೆಯೆಂದು ವಾಪಸ್ ಬಂದಾಗಲೇ ತಪ್ಪು ಗೊತ್ತಾದದ್ದು. ಎಡಗೈಯ ಫಿಲ್ಮ್ ತೆಗೆದೆ, ಅಷ್ಟರಲ್ಲಿ ಮೂಳೆ ಸೊಟ್ಟಗೆ ಕೂಡಿಕೊಳ್ಳಲು ಶುರುವಾಗಿತ್ತು. ದೊಡ್ಡಾಸ್ಪತ್ರೆಗೆ ಕಳಿಸಿದರೂ ಸ್ವಲ್ಪ ಬಾಗು ಉಳಿದೇಹೋಯಿತು.

ದೊಡ್ಡ ಡಾಕ್ಟರು ನನ್ನನ್ನು ಎಲ್ಲರೆದುರು ಬೈಯಲಿಲ್ಲ. ಬಾಗಿಲು ಹಾಕಿ, "ಈ ಫಿಲ್ಮ್‌ನ ನೀನೇ ಇಟ್ಕೋ. ವರ್ಷಕ್ಕೊಂದ್ಸಲ ತೆಗೆದು ನೋಡು" ಎಂದರು. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ. ಅವರು ಹೇಳಿದಂತೆ ಮಾಡಿದೆ. ಆ ಎಡಗೈಯ ಎರಡು ಮೂಳೆಗಳು, ಮಧ್ಯಕ್ಕಿಂತ ಸ್ವಲ್ಪ ಕೆಳಗೆ ಹೊರಕ್ಕೆ ಬಾಗಿದ ಜಾಗ, ನನ್ನ ಮಗಳ ಮುಖದಷ್ಟೇ ನನಗೆ ಪರಿಚಯ. ರತ್ನಮ್ಮ ಮಾತ್ರ ಒಂದು ದಿನವೂ ನನಗೆ ಕೆಟ್ಟ ಮಾತಾಡಲಿಲ್ಲ. ಸಂತೆಗೆ ಬಂದಾಗ ಆಸ್ಪತ್ರೆಯ ಕಿಟಕಿಯಲ್ಲಿ ಇಣುಕಿ, "ಚೆನ್ನಾಗಿದೀಯಾ ಜಯಕ್ಕ?" ಎಂದು ಕೇಳಿ ಹೋಗುತ್ತಿದ್ದಳು. ಅದು ಬೈಗುಳಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚುತ್ತಿತ್ತು.

ಇನ್ನು ವಯಸ್ಸಿನ ಕೇಸುಗಳ ವಿಷಯ. ಪೊಲೀಸರೋ ಕೋರ್ಟಿನವರೋ ಒಬ್ಬರನ್ನು ಕರೆತಂದು ಇವರಿಗೆ ಎಷ್ಟು ವಯಸ್ಸು ಹೇಳಿ ಎಂದು ಪತ್ರ ಕೊಡುವರು. ಊರು ಬಿಟ್ಟು ಓಡಿಹೋಗಿ ಮದುವೆಯಾದ ಹುಡುಗಿಯರೇ ಮೊದಲು ಹೆಚ್ಚಾಗಿ ಬರುತ್ತಿದ್ದದ್ದು. ಕಾಗದ ಇರಲಿಲ್ಲವೇ ಎಂದು ಸ್ಫೂರ್ತಿ ಕೇಳುತ್ತಾಳೆ. ಕಾಗದ ಇತ್ತು ಕಣಮ್ಮ, ನಿಜ ಇರಲಿಲ್ಲ. ನನ್ನನ್ನು ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎಂದರು. ಬೆರಳ ತುದಿ ತಾಕಿತು. "ಆರು ವರ್ಷ" ಎಂದು ಬರೆದುಕೊಂಡರು. ಹುಟ್ಟಿದ ದಿನ ಜೂನ್ ಒಂದು. ನನ್ನ ಹಿಂದೆ ನಿಂತಿದ್ದವನದೂ ಜೂನ್ ಒಂದು, ಅವನ ಹಿಂದಿನವಳದೂ ಜೂನ್ ಒಂದು. ಉದ್ದ ಕೈಯವರು ಬೇಗ ಶಾಲೆಗೆ ಸೇರಿ ಬೇಗ ರಿಟೈರ್ ಆದರು ಎಂದು ನಾವು ನಗಾಡುತ್ತಿದ್ದೆವು. ಹುಟ್ಟಿದ ದಿನವೇ ಹೀಗಿರುವಾಗ ಕುಡಿಯುವ ವಯಸ್ಸಿನ ಮಾತೇ ಬೇಡ. ನಮ್ಮಜ್ಜನಿಗೆ ಹೆಂಡ ತರಲು ತಂಬಿಗೆ ಕೊಟ್ಟು ನನ್ನನ್ನೇ ಕಳಿಸುತ್ತಿದ್ದರು. ಅಂಗಡಿಯವನು, "ಚೆಲ್ಲಬೇಡ ಮಗಾ" ಎಂದು ಹೇಳಿ ಕೊಡುತ್ತಿದ್ದನೇ ಹೊರತು ಬೇರೇನನ್ನೂ ಕೇಳುತ್ತಿರಲಿಲ್ಲ.

ಮೂಳೆಯೂ ಪೂರ್ತಿ ನಿಜ ಹೇಳುವುದಿಲ್ಲ, ಅದನ್ನು ಹೊಸಬರು ತಿಳಿದಿರಬೇಕು. ಎಳೆಯ ಮೂಳೆಯ ತುದಿಯಲ್ಲಿ ಒಂದು ಬಿರುಕಿನ ಗೆರೆ ಇರುತ್ತದೆ. ಬೆಳೆದಂತೆ ಅದು ಮುಚ್ಚುತ್ತದೆ. ಮಣಿಕಟ್ಟಿನದು ಹದಿನೆಂಟರ ಹೊತ್ತಿಗೆ, ಸೊಂಟದ ಅಂಚಿನದು ಇಪ್ಪತ್ತರ ಆಚೀಚೆ. ಆದರೆ ಒಬ್ಬೊಬ್ಬರದು ಒಂದೊಂದು ರೀತಿ. ಡಾಕ್ಟರು ಎಷ್ಟೇ ದೊಡ್ಡವರಾದರೂ ಕೊನೆಗೆ ಇಷ್ಟರಿಂದ ಇಷ್ಟರೊಳಗೆ ಎಂದೇ ಬರೆಯುವುದು. ಕೋರ್ಟಿನಲ್ಲಿ ಆ ಅನುಮಾನದ ಲಾಭ ಆರೋಪಿಗೇ ಸಿಗುವುದು.

ವಿಮಾನ ಇಳಿಯಲು ಶುರುವಾದ ಮೇಲೆ ನಮ್ಮ ಆಸ್ಪತ್ರೆಯ ಕೆಲಸವೇ ಬೇರೆಯಾಯಿತು. ರಸ್ತೆ ಅಗಲವಾಯಿತು, ಡಾಬಾ ಬಂತು, ಬಾರ್ ಬಂತು, ಹುಡುಗರ ಕೈಗೆ ಬೈಕ್ ಬಂತು. ಭಾನುವಾರ ಬೆಳಿಗ್ಗೆ ಬೆಟ್ಟ ನೋಡಲು ಹೋಗುವವರು, ಫ್ಯಾಕ್ಟರಿ ಶಿಫ್ಟ್ ಮುಗಿಸಿ ಬರುವವರು, ಎಲ್ಲರೂ ನನ್ನ ಮೇಜಿನ ಮೇಲೆ. ಬೈಕಿನಿಂದ ಬಿದ್ದವನಿಗೆ ಹೆಚ್ಚಾಗಿ ಮುರಿಯುವುದು ಕೊರಳೆಲುಬು. ಉಸಿರು ಬಿಗಿ ಹಿಡಿಯಪ್ಪ ಎಂದು ಹೇಳಿ ಬಗ್ಗಿದಾಗ ಕುಡಿದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅಷ್ಟರಲ್ಲಿ ನಮಗೂ ಕಂಪ್ಯೂಟರ್ ಬಂತು. ಡಾರ್ಕ್ ರೂಮನ್ನು ಹಳೇ ಮಂಚ, ಮುರಿದ ಕುರ್ಚಿ ಇಡುವ ಜಾಗ ಮಾಡಿದರು. ಕೆಂಪು ಬಲ್ಬು ಬಿಚ್ಚಿದ ದಿನ ನಾನು ರಜೆ ಹಾಕಿದೆ. ಯಾರಿಗೂ ಕಾರಣ ಹೇಳಲಿಲ್ಲ.

ದೊಡ್ಡ ಡಾಕ್ಟರು ನಿವೃತ್ತರಾಗಿ ಆ ಜಾಗಕ್ಕೆ ಸುಜಾತಾ ಮೇಡಂ ಬಂದಿದ್ದರು. ಬೆಳಗಿನ ಹನ್ನೊಂದಕ್ಕೆ ಆಸ್ಪತ್ರೆಯ ಹಿಂದಿನ ಹೊಂಗೆ ಮರದಡಿ ನಮಗೆಲ್ಲ ಟೀ. ಮೇಡಂ, ಔಷಧಿ ಕೌಂಟರಿನ ಗಂಗಾಧರಪ್ಪ, ನಾನು, ಕೆಲಸದ ಮೇಲೆ ಬಂದಿದ್ದರೆ ಅಬಕಾರಿ ಇನ್ಸ್‌ಪೆಕ್ಟರೂ. ಅಲ್ಲಿನ ನಿತ್ಯದ ಜಗಳವೇ ಈ ಕುಡಿಯುವ ವಯಸ್ಸು.

"ಓಟು ಹಾಕೋಕೆ ಹದಿನೆಂಟು, ಗಾಡಿ ಓಡ್ಸೋಕೆ ಹದಿನೆಂಟು, ಪಿಲ್ಲಗುಂಪೆ ಫ್ಯಾಕ್ಟರೀಲಿ ಶಿಫ್ಟ್ ಮಾಡೋಕೆ ಹದಿನೆಂಟು. ಒಂದು ಬಿಯರ್ ಕುಡಿಯೋಕೆ ಮಾತ್ರ ಇಪ್ಪತ್ತೊಂದು. ಇದ್ಯಾವ ನ್ಯಾಯ ಮೇಡಂ?" ಎಂದು ಗಂಗಾಧರಪ್ಪ ಶುರು ಮಾಡುವರು.

"ಓಟು ಹಾಕಿ ಬಂದೋನಿಗೆ ನಾನು ಯಾವತ್ತೂ ಹೊಲಿಗೆ ಹಾಕಿಲ್ಲ ಗಂಗಾಧರಪ್ಪ" ಎಂದು ಮೇಡಂ ಬಿಸ್ಕತ್ತು ಅದ್ದಿಕೊಳ್ಳುವರು.

ಇನ್ಸ್‌ಪೆಕ್ಟರದು ಇನ್ನೊಂದು ಗೋಳು. "ನನ್ ಹತ್ರ ಎರಡು ಕಾನೂನು ಪುಸ್ತಕ ಇದಾವೆ ಮೇಡಂ. ಒಂದ್ರಲ್ಲಿ ಹದಿನೆಂಟು ಅಂತದೆ, ಇನ್ನೊಂದ್ರಲ್ಲಿ ಇಪ್ಪತ್ತೊಂದು ಅಂತದೆ. ಅಂಗಡಿ ಬೋರ್ಡಲ್ಲಿ ಇಪ್ಪತ್ತೊಂದು ಬರೆಸಿದೀವಿ. ವಕೀಲ್ರು ಬಂದ್ರೆ ಮೊದಲ್ನೇ ಪುಸ್ತಕ ತೆಗೀತಾರೆ."

"ಇಪ್ಪತ್ತೈದು ಮಾಡ್ಲಿ" ಎನ್ನುತ್ತಿದ್ದೆ ನಾನು.

"ಜಯಕ್ಕನ ಕೈಗೆ ಕೊಟ್ರೆ ಅರವತ್ತು ಮಾಡ್ತಾರೆ. ಪೆನ್ಷನ್ ಬುಕ್ ತೋರ್ಸಿ, ಒಂದು ಪೆಗ್ ಇಸ್ಕೊಂಡೋಗಿ ಅಂತಾರೆ" ಎಂದು ಗಂಗಾಧರಪ್ಪ ಕಿಚಾಯಿಸುವರು. ಎಲ್ಲರೂ ನಗುತ್ತಿದ್ದೆವು. ಆ ಮರ ಈಗಿಲ್ಲ, ಪಾರ್ಕಿಂಗಿಗೆ ಕಡಿದರು. ಗಂಗಾಧರಪ್ಪನವರೂ ಇಲ್ಲ. ಒಂದು ಲೋಟ ಟೀಗೆ ಅಷ್ಟು ಹೊತ್ತು ಜಗಳವಾಡುವ ಪುರುಸೊತ್ತು ಈಗ ಯಾವ ಆಸ್ಪತ್ರೆಯಲ್ಲಿದೆಯೋ ನಾನು ಕಾಣೆ.

ನಾನು ನಿವೃತ್ತಳಾಗುವ ಹಿಂದಿನ ವರ್ಷ ಅಬಕಾರಿ ಕಚೇರಿಯಿಂದ ಒಂದು ಪತ್ರ ಬಂತು. ಹೆದ್ದಾರಿಯ ಒಂದು ಬಾರಿನಲ್ಲಿ ತಪಾಸಣೆಗೆ ಹೋದಾಗ ಸುನಿಲ ಎಂಬ ಹುಡುಗ ಬಿಯರ್ ಕುಡಿಯುತ್ತಿದ್ದನಂತೆ. ಆಧಾರ್ ಕಾರ್ಡಿನಲ್ಲಿ ಇಪ್ಪತ್ತೊಂದು ತುಂಬಿತ್ತು, ಆದರೆ ಹುಟ್ಟಿದ ದಿನ ಜನವರಿ ಒಂದು ಎಂದಿತ್ತು, ಅಂದಾಜಿನಲ್ಲಿ ಬರೆಸಿದವರಿಗೆಲ್ಲ ಹಾಗೇ ಇರುವುದು. ಮುಖ ನೋಡಿದರೆ ಮೀಸೆಯೇ ಸರಿಯಾಗಿ ಬಂದಿರಲಿಲ್ಲ. ಓದಿದ ಶಾಲೆಯ ಕಟ್ಟಡ ರಸ್ತೆಗೆ ಹೋಗಿ, ರಿಜಿಸ್ಟರ್ ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಮೂಳೆ ನೋಡಿ ಹೇಳಿ ಎಂದು ಕೇಳಿದ್ದರು. ಇಪ್ಪತ್ತೊಂದಕ್ಕೆ ಕಡಿಮೆ ಎಂದಾದರೆ ಬಾಟಲಿ ಕೊಟ್ಟ ಕ್ಯಾಷಿಯರ್ ಮೇಲೆ ಕೇಸು.

ಪತ್ರ ತಂದ ಗಾರ್ಡ್ ಹೊಸಬ, ತಪಾಸಣೆಯ ದಿನ ಸುನಿಲನ ಮುಖ ನೋಡಿದವನಲ್ಲ. ಹುಡುಗನನ್ನು ಬೆಂಚಿನ ಮೇಲೆ ಕೂರಿಸಿ, ಸಂಜೆ ಬಂದು ರಿಪೋರ್ಟ್ ತಗೋತೀನಿ ಎಂದು ಹೇಳಿ ತಾಲ್ಲೂಕು ಕಚೇರಿಯ ಕೆಲಸಕ್ಕೆ ಹೋದ. ನಾನು ಹೆಸರು ಕೂಗಿದೆ. ತೆಳ್ಳಗಿನ, ಗಡ್ಡ ಬೋಳಿಸಿಕೊಂಡ ಹುಡುಗ ಬಂದ. ಫಾರಂನಲ್ಲಿ ಎರಡು ಗುರುತು ಬರೆಯಬೇಕು, ಮಚ್ಚೆಯೋ ಗಾಯದ ಕಲೆಯೋ. ನಾವೇ ಕಣ್ಣಾರೆ ನೋಡಿ ಬರೆಯಬೇಕು. ನಾನು ಅವನನ್ನೇ ಕೇಳಿದೆ. "ಕುತ್ತಿಗೆ ಹಿಂದೆ ಒಂದು ಮಚ್ಚೆ, ಬಲಗಾಲಲ್ಲಿ ಒಂದು ಕಲೆ" ಎಂದ. ಹೇಳಿದ್ದನ್ನೇ ಬರೆದುಕೊಂಡೆ. ಮೂವತ್ತು ವರ್ಷ ಇನ್ನೊಬ್ಬರಿಗೆ ಹೇಳಿಕೊಟ್ಟ ನಿಯಮವನ್ನು ನಾನೇ ಗಾಳಿಗೆ ತೂರಿದೆ.

ಎಡಗೈಯನ್ನು ಮೊಣಕೈಯವರೆಗೆ ತೆಗೆದು ಕಂಪ್ಯೂಟರ್ ನೋಡಿದೆ. ಮಣಿಕಟ್ಟಿನ ಗೆರೆ ಯಾವತ್ತೋ ಮುಚ್ಚಿತ್ತು. ಅದರ ಮೇಲೆ, ಮಧ್ಯಕ್ಕಿಂತ ಸ್ವಲ್ಪ ಕೆಳಗೆ, ಎರಡು ಮೂಳೆಗಳೂ ಹೊರಕ್ಕೆ ಬಾಗಿದ್ದವು. ನಾನು ವರ್ಷ ವರ್ಷವೂ ತೆಗೆದು ನೋಡಿದ ಅದೇ ಬಾಗು. ನಾನು ಎದ್ದು ಹೋಗಿ ಬಾಗಿಲು ಹಾಕಿದೆ.

"ಕುಮಾರ" ಎಂದೆ.

ಅವನು ತಲೆಯೆತ್ತಿದ. ಮತ್ತೆ ತಗ್ಗಿಸಿದ.

"ನಿನ್ ತಮ್ಮ ಸುನಿಲ ಎಲ್ಲಿ?"

"ಫ್ಯಾಕ್ಟರೀಲಿ ಅವ್ನೆ" ಎಂದ. "ನಿಮ್ಗೆ ಹೆಂಗ್ ಗೊತ್ತಾಯ್ತಕ್ಕ?"

ಹೇಗೆ ಗೊತ್ತಾಯಿತೆಂದು ನಾನು ಏನು ಹೇಳಲಿ? ನಿನ್ನ ಕೈ ಸೊಟ್ಟಗೆ ಮಾಡಿದವಳೇ ನಾನು ಎಂದೇ? ಆ ವಿಷಯ ಅವನಿಗೆ ಗೊತ್ತಿತ್ತೋ ಇಲ್ಲವೋ. ಅಷ್ಟರಲ್ಲಿ ಕಿಟಕಿಯ ಹೊರಗಿನಿಂದ ಒಬ್ಬ ಗಂಡಸು ಕೈ ಮುಗಿದ. ರತ್ನಮ್ಮನ ತಮ್ಮ, ಈ ಹುಡುಗರ ಸೋದರಮಾವ ಮುನಿರಾಜ. ಒಳಗೆ ಕರೆದೆ. ಆ ಬಾರಿನ ಕ್ಯಾಷಿಯರ್ ಬೇರೆ ಯಾರೂ ಅಲ್ಲ, ಅವನೇ ಎಂದು ಆಗ ತಿಳಿಯಿತು.

"ಕಾರ್ಡಲ್ಲಿ ಎರಡು ವರ್ಷ ಜಾಸ್ತಿ ಬರೆಸ್ದೋನೂ ನಾನೇ ಅಕ್ಕ" ಎಂದ ಮುನಿರಾಜ. "ಕಾಂಟ್ರಾಕ್ಟರ್ ಹತ್ರ ಕೆಲಸಕ್ಕೆ ಸೇರ್ಸೋಕೆ ಬೇಕಿತ್ತು. ಬಿಯರ್ ಕೊಟ್ಟೋನೂ ನಾನೇ. ಸುಳ್ಳು ಹೇಳಲ್ಲ. ನಾನ್ ಕೊಡದಿದ್ರೆ ಲೇಔಟ್ ಕಾಂಪೌಂಡ್ ಹಿಂದೆ ಕೂತ್ಕೊಂಡು ಪ್ಯಾಕೆಟ್ ಕುಡೀತಾನೆ. ಅದ್ರಲ್ಲಿ ಏನಿರ್ತದೋ ಯಾರಿಗ್ ಗೊತ್ತು? ನನ್ ಕಣ್ಣೆದುರಿಗಾದ್ರೆ ಒಂದೇ ಒಂದು ಬಾಟ್ಲು. ಬೈಕ್ ಕೀ ಇಸ್ಕೊಂಡು ನಾನೇ ಮನೆಗ್ ಬಿಟ್ಟು ಬರ್ತೀನಿ. ಇದ್ರಲ್ಲಿ ತಪ್ಪೇನೈತೆ ನೀವೇ ಹೇಳಿ."

ಹೊಂಗೆ ಮರದಡಿ ಇಪ್ಪತ್ತೈದು ಎಂದು ಜೋರು ಮಾಡುತ್ತಿದ್ದವಳು ನಾನೇ. ಮೇಜಿನ ಮೇಲೆ ಮಲಗಿದ ಎಷ್ಟೋ ಹುಡುಗರಿಗೆ ಬೈಕ್ ಕೀ ಇಸಿದುಕೊಳ್ಳುವ ಮಾವ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು.

"ನನ್ ಕೆಲಸ ಹೋದ್ರೆ ಅಕ್ಕನ ಮನೆ ಕೂತ್ಕೋತದೆ" ಎಂದ ಮುನಿರಾಜ. ಅದೂ ನಿಜವೇ. ರತ್ನಮ್ಮನ ಗಂಡ ತೀರಿಕೊಂಡ ಮೇಲೆ ಆ ಮನೆಯನ್ನು ಹೊತ್ತವನು ಅವನು. ಮದುವೆಯನ್ನೂ ತಡ ಮಾಡಿಕೊಂಡಿದ್ದ.

ನಾನು ಏನು ಮಾಡಬೇಕಿತ್ತು? ಆ ಚಿತ್ರವನ್ನು ಹಾಗೇ ಮೇಡಂಗೆ ಕಳಿಸಿದ್ದರೆ ಇಪ್ಪತ್ತೊಂದರ ಮೇಲೆ ಎಂದು ಬರೆಯುತ್ತಿದ್ದರು. ಎಲ್ಲರಿಗೂ ಒಳ್ಳೆಯದು. ಕುಮಾರನ ಕೈಗೆ ನಾನು ಮಾಡಿದ್ದಕ್ಕೆ ಹೀಗಾದರೂ ಒಂದು ಪರಿಹಾರವಾಯಿತೆಂದು ಮನಸ್ಸು ಹೇಳುತ್ತಿತ್ತು. ನಾಚಿಕೆಬಿಟ್ಟು ಹೇಳುತ್ತೇನೆ, ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಿದ್ದೆ. ಒತ್ತಲಾಗಲಿಲ್ಲ. ಒಂದು ಕೈಯನ್ನು ಇನ್ನೊಂದು ಕೈಯೆಂದು ಒಮ್ಮೆ ಕಳಿಸಿದ್ದು ಸಾಕಾಗಿತ್ತು.

"ಮುನಿರಾಜ, ನಾಲ್ಕು ಗಂಟೆ ಒಳಗೆ ಸುನಿಲನ್ನ ಕರ್ಕೊಂಡ್ ಬಾ. ಅಲ್ಲಿವರ್ಗೂ ನಾನೇನೂ ನೋಡಿಲ್ಲ" ಎಂದೆ. ಕುಮಾರನನ್ನು ಮನೆಗೆ ಕಳಿಸಿ, ಅವನ ಚಿತ್ರವನ್ನು ಅಳಿಸಿ ಹಾಕಿದೆ. ಅದೂ ನಿಯಮದ ಪ್ರಕಾರ ತಪ್ಪೇ. ಹೊಸಬರು ಇದನ್ನು ಕಲಿಯಬೇಡಿ.

ಮೂರೂವರೆಗೆ ಸುನಿಲ ಬಂದ, ಫ್ಯಾಕ್ಟರಿಯ ನೀಲಿ ಅಂಗಿಯಲ್ಲೇ. ಜೊತೆಗೆ ರತ್ನಮ್ಮ. ಅವಳ ಮುಖ ನೋಡಿದರೆ ಬೆಳಗಿನದೆಲ್ಲ ದಾರಿಯಲ್ಲಿ ಆಗಷ್ಟೇ ಗೊತ್ತಾದಂತಿತ್ತು. ತಮ್ಮನನ್ನೂ ಮಾತಾಡಿಸುತ್ತಿರಲಿಲ್ಲ, ಮಗನನ್ನೂ ಮಾತಾಡಿಸುತ್ತಿರಲಿಲ್ಲ. ನನ್ನನ್ನು ಮಾತ್ರ, "ಚೆನ್ನಾಗಿದೀಯಾ ಜಯಕ್ಕ?" ಎಂದಳು.

ಈ ಸಲ ಮಚ್ಚೆಯನ್ನು ಕುತ್ತಿಗೆ ಬಗ್ಗಿಸಿ ನೋಡಿ ಬರೆದೆ. ಕೈ, ಸೊಂಟ, ಕೊರಳೆಲುಬು ಎಲ್ಲ ತೆಗೆದೆ. ತಾಯಿ ಮಗನನ್ನು ಮೇಡಂ ಕೋಣೆಗೆ ನಾನೇ ಕರೆದುಕೊಂಡು ಹೋದೆ. ಮುನಿರಾಜ ಹೊರಗೆ ಬೆಂಚಿನ ಮೇಲೆ ಕೂತ. ಬಾಗಿಲಿಗೆ ಪರದೆಯಷ್ಟೇ ಇತ್ತು.

ಮೇಡಂ ಚಿತ್ರಗಳನ್ನು ಹಿಂದೆ ಮುಂದೆ ಮಾಡಿ ತುಂಬಾ ಹೊತ್ತು ನೋಡಿದರು. "ಸೊಂಟದ ಅಂಚು ಮುಕ್ಕಾಲು ಕೂಡಿದೆ ಜಯಮ್ಮ. ಹತ್ತೊಂಬತ್ತೂ ಇರಬಹುದು, ಇಪ್ಪತ್ತೊಂದೂ ಇರಬಹುದು. ಹಾಗೇ ಬರೀತೀನಿ" ಎಂದು ಪೆನ್ನು ತೆಗೆದರು. ನನಗೆ ಜೀವ ಬಂದಂತಾಯಿತು. ಹಾಗೆ ಬರೆದರೆ ಕೇಸು ನಿಲ್ಲುತ್ತಿರಲಿಲ್ಲ. ಅಣ್ಣನನ್ನು ಕಳಿಸುವ ಅಗತ್ಯವೇ ಇರಲಿಲ್ಲ. ಮೂಳೆ ತಾನೇ ಅನುಮಾನ ಉಳಿಸಿಕೊಂಡು ಮುನಿರಾಜನನ್ನು ಕಾಪಾಡಿತ್ತು. ನಾನು ರತ್ನಮ್ಮನ ಕಡೆ ನೋಡಿ, ಆಯಿತು ಬಿಡು ಎಂಬಂತೆ ತಲೆಯಾಡಿಸಿದೆ.

ಮೇಡಂ ಬರೆಯುತ್ತಲೇ, ಮಾತಿಗೆ ಮಾತು ಎಂಬಂತೆ ಕೇಳಿದರು. "ಏನಮ್ಮಾ, ನಿನ್ ಮಗನಿಗೆ ಎಷ್ಟು ವಯಸ್ಸು?"

ಅಷ್ಟು ವರ್ಷದಲ್ಲಿ ಎಷ್ಟೋ ತಾಯಂದಿರು ಆ ಕೋಣೆಯ ಗೋಡೆಗೆ ಒರಗಿ ನಿಂತು ಹೋಗಿದ್ದರು. ಅವರನ್ನು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಫಾರಂನಲ್ಲಿ ಅದಕ್ಕೆ ಜಾಗವೂ ಇರಲಿಲ್ಲ.

"ಹತ್ತೊಂಬತ್ತು" ಎಂದಳು ರತ್ನಮ್ಮ.

ಮೇಡಂ ಪೆನ್ನು ನಿಲ್ಲಿಸಿದರು.

"ಮೊದಲ್ನೇ ವಿಮಾನ ಇಳೀತಲ್ಲ ಮೇಡಂ, ಊರೋರೆಲ್ಲ ಬೇಲಿ ಹತ್ರ ನೋಡಕ್ಕೋಗಿದ್ವಿ. ಇವ್ನಿಗಾಗ ಎಂಟು ತುಂಬಿತ್ತು. ಸದ್ದಿಗೆ ಹೆದರ್ಕೊಂಡು ನನ್ ಸೆರಗೊಳಗೆ ತಲೆ ಇಟ್ಕೊಂಡಿದ್ದ. ಅಲ್ಲಿಂದ ಲೆಕ್ಕ ಹಾಕ್ಕೊಳಿ."

"ಅಮ್ಮ" ಎಂದ ಸುನಿಲ.

"ನೀನ್ ಸುಮ್ನಿರು."

ಮೇಡಂ ನಿಧಾನವಾಗಿ ಹೇಳಿದರು. "ನಾನು ಕಾಗದದಲ್ಲಿ ಅನುಮಾನ ಇದೆ ಅಂತ ಬರೀತಿದ್ದೆ ಕಣಮ್ಮ. ನೀನು ಹೀಗೆ ಹೇಳಿದ್ರೆ ಅದನ್ನೂ ಬರೀಬೇಕಾಗತ್ತೆ. ಬಾಟ್ಲು ಕೊಟ್ಟೋನ ಕೆಲಸ ಹೋಗತ್ತೆ, ಕೇಸೂ ಆಗತ್ತೆ. ಅವನು ಯಾರು ಅಂತ ಗೊತ್ತಾ ನಿಂಗೆ?"

"ನನ್ ತಮ್ಮ."

"ಗೊತ್ತಿದ್ದೂ ಹೇಳ್ತಿದೀಯಾ?"

ರತ್ನಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ಧ್ವನಿ ಏರಿಸಲಿಲ್ಲ. "ದಿನಾ ಸಂಜೆ ಇವನ ಬಾಯಿ ಮೂಸೋಳು ನಾನು ಮೇಡಂ. ಮುನಿರಾಜನ್ನ ಕೇಳಿದ್ರೆ ನನ್ ಕಣ್ಣೆದುರಿಗೇ ಅವ್ನೆ ಬಿಡಕ್ಕ ಅಂತಾನೆ. ಅವ್ನು ಹೇಳೋದೂ ಸರಿ ಇರಬೋದು, ನಂಗೆ ಓದು ಇಲ್ಲ. ಆದ್ರೆ ಅಂಗಡಿ ಮುಂದೆ ಬೋರ್ಡಲ್ಲಿ ಬರೆದವ್ರಂತಲ್ಲ ಇಪ್ಪತ್ತೊಂದು ಅಂತ? ಅದನ್ನ ತೋರ್ಸಿ ನಾನು ಇವನನ್ನ ಬೈತೀನಿ. ಇನ್ನೂ ನಿಂಗೆ ಆಗಿಲ್ಲ ಕಣೋ ಅಂತೀನಿ. ನನ್ ಮಾತು ಕೇಳ್ದಿದ್ರೂ ಅದನ್ನ ಒಂದೊಂದಿನ ಕೇಳ್ತಾನೆ. ಇನ್ನೆರಡು ವರ್ಷ ಐತೆ ನಂಗೆ ಬೈಯೋಕೆ. ನೀವು ಇವತ್ತೇ ಇಪ್ಪತ್ತೊಂದು ಅಂತ ಬರೆದ್ಬಿಟ್ರೆ ನಾಳೆಯಿಂದ ನಾನ್ ಏನ್ ತೋರ್ಸಿ ಬೈಲಿ?"

ಸುನಿಲ ತನ್ನ ಚಪ್ಪಲಿ ನೋಡುತ್ತಾ ನಿಂತಿದ್ದ. ಕಿವಿ ಕೆಂಪಗಾಗಿತ್ತು. ಮೇಡಂ ಆ ಹಾಳೆಯನ್ನು ಪಕ್ಕಕ್ಕೆ ಸರಿಸಿ ಹೊಸ ಹಾಳೆ ತೆಗೆದುಕೊಂಡರು. ಮೂಳೆ ಹೇಳಿದ್ದನ್ನು ಬರೆದು, ಅದರ ಕೆಳಗೆ, ತಾಯಿಯ ಹೇಳಿಕೆಯಂತೆ ಹತ್ತೊಂಬತ್ತು ಎಂದು ಬರೆದು ರುಜು ಹಾಕಿದರು.

ನನಗೆ ಅಳು ಬಂತು. ಬೆಳಗಿನಿಂದ ನಾನು ಆ ಮನೆಯನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಆ ಮನೆಯವಳಿಗೆ ಏನು ಬೇಕೆಂದು ನಾನೂ ಕೇಳಿರಲಿಲ್ಲ. ಹದಿನೆಂಟೋ ಇಪ್ಪತ್ತೊಂದೋ ಎಂದು ಮರದಡಿ ಕೂತು ನಾವು ಅಷ್ಟು ವರ್ಷ ಆಡಿದ್ದರಲ್ಲಿ, ಸಂಜೆ ಬಾಗಿಲಲ್ಲಿ ನಿಂತು ಕಾಯುವವಳಿಗೆ ಆ ಸಂಖ್ಯೆ ಏನು ಕೆಲಸಕ್ಕೆ ಬರುತ್ತದೆ ಎಂಬ ಮಾತು ಒಂದು ದಿನವೂ ಬಂದಿರಲಿಲ್ಲ. ಸ್ಫೂರ್ತಿ, ನೀನು ಕೇಳಿದ್ದಕ್ಕೆ ನನ್ನ ಹತ್ತಿರ ಇರುವುದು ಇಷ್ಟೇ. ಮುನಿರಾಜನ ಮಾತಿಗೂ ನನ್ನಲ್ಲಿ ಉತ್ತರವಿಲ್ಲ, ಈವತ್ತಿಗೂ ಇಲ್ಲ.

ರತ್ನಮ್ಮ ಪರದೆ ಸರಿಸಿ ಹೊರಗೆ ಹೋದಳು. ನಾನು ಹಿಂದೆಯೇ ಹೋದೆ. ಮುನಿರಾಜ ಬೆಂಚಿನಿಂದ ಎದ್ದು ನಿಂತಿದ್ದ. ಎಲ್ಲವೂ ಅವನ ಕಿವಿಗೆ ಬಿದ್ದಿತ್ತು, ಮುಖದಲ್ಲೇ ಕಾಣುತ್ತಿತ್ತು. ಅಕ್ಕ ನೇರವಾಗಿ ಅವನೆದುರಿಗೇ ಹೋಗಿ ನಿಂತಳು. ಈಗ ಬೈಗುಳ ಶುರುವಾಗುತ್ತದೆ ಎಂದುಕೊಂಡು ನಾನು ನಡುವೆ ಹೋಗಲು ಸಿದ್ಧಳಾಗಿದ್ದೆ.

"ಕೆಲಸ ಹೋಗ್ತದಲ್ವಾ?" ಎಂದು ರತ್ನಮ್ಮ ಕೇಳಿದಳು.

"ಹೋಗ್ತದೆ" ಎಂದ. ಬಗ್ಗಿ, ಅವಳ ಕೈಯಲ್ಲಿದ್ದ ಬ್ಯಾಗನ್ನು ತಾನು ಇಸಿದುಕೊಂಡ. "ನಡಿಯಕ್ಕ, ಬಸ್ ಬರೋ ಹೊತ್ತಾಯ್ತು."